ಕೇಪ್ ಎಲಿಜಬೆತ್‌ನ ಹಿಮದ ಹಾದಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯದ ತುತ್ತತುದಿಯಲ್ಲಿ, ಕೆನಡಾ ದೇಶಕ್ಕೆ ಹೊಂದಿಕೊಂಡು, ಮೇನ್ ಎಂಬ ರಾಜ್ಯವಿದೆ. ಪೈನ್ ಮರಗಳ ರಾಜ್ಯವೆಂದು ಅದಕ್ಕೆ ರೂಢಿಯ ಹೆಸರು. ಒಂದು ಕಡೆಗೆ ಅಟ್ಲಾಂಟಿಕ್ ಮಹಾಸಾಗರ, ಮತ್ತೊಂದು ಕಡೆಗೆ ಮುಗಿಯದ ಕಾಡು. ಕಡಲಂಚು ನೆಟ್ಟಗಿಲ್ಲ, ಹರಿದ ಸೆರಗಿನಂತೆ ಕೊಲ್ಲಿ, ಭೂಶಿರ, ನಡುಗಡ್ಡೆಗಳಾಗಿ ಸೀಳಿಹೋಗಿದೆ. ಈ ರಾಜ್ಯದ ಅತಿ ದೊಡ್ಡ ಪಟ್ಟಣ ಪೋರ್ಟ್‌ಲ್ಯಾಂಡ್. ಅದರ ದಕ್ಷಿಣಕ್ಕೆ ಕೆಲವೇ ಮೈಲಿಗಳ ಅಂತರದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಭೂಶಿರವೇ ಕೇಪ್ ಎಲಿಜಬೆತ್. ದೊಡ್ಡ ಊರೇನೂ ಅಲ್ಲ. ಶಾಲೆಗಳು, ಒಂದು ಗ್ರಂಥಾಲಯ, ಅಲ್ಲಲ್ಲಿ ಹೊಲಗಳು, ಕರಿಬಂಡೆಯ ದಂಡೆ, ದಂಡೆಯ ಮೇಲೆ ಬಿಳಿಯ ದೀಪಸ್ತಂಭ. ಆದರೆ ಓಟದ ಇತಿಹಾಸ ಬಲ್ಲವರು ಈ ಊರಿನ ಹೆಸರನ್ನು ಗೌರವದಿಂದ ಉಚ್ಚರಿಸುತ್ತಾರೆ. ಒಲಿಂಪಿಕ್ ಕ್ರೀಡಾಕೂಟದಲ್ಲಿ ಮೊಟ್ಟಮೊದಲ ಬಾರಿಗೆ, 1984ರಲ್ಲಿ, ನಡೆದ ಮಹಿಳೆಯರ ಮ್ಯಾರಥಾನ್ ಓಟವನ್ನು ಗೆದ್ದ ಜೋನ್ ಬೆನಾಯ್ಟ್ ಹುಟ್ಟಿ ಬೆಳೆದ ಊರು ಇದು.

ಬಾಸ್ಟನ್ ನಗರದ ಸುತ್ತಮುತ್ತ ನೆಲೆಸಿರುವ ಕನ್ನಡ ಬಂಧುಗಳ ಕರೆಯ ಮೇರೆಗೆ ನಾವು 2025ರ ಜನವರಿಯಲ್ಲಿ ಆ ದೇಶಕ್ಕೆ ಹೋಗಿದ್ದೆವು. ಅಲ್ಲಿಯ ಕಾರ್ಯಕ್ರಮಗಳು ಮುಗಿದ ಮೇಲೆ, ಬೈಲಹೊಂಗಲದ ಕಡೆಯ ಒಂದು ಕುಟುಂಬದವರು ತಮ್ಮ ಮನೆಗೆ ಬಂದು ಕೆಲವು ದಿನ ಇರಬೇಕೆಂದು ಆಗ್ರಹಪಡಿಸಿದರು. ಅವರ ಮನೆ ಇರುವುದು ಬಾಸ್ಟನ್ನಿನಿಂದ ಉತ್ತರಕ್ಕೆ ಕಾರಿನಲ್ಲಿ ಎರಡು ಗಂಟೆಯ ದಾರಿ, ಪೋರ್ಟ್‌ಲ್ಯಾಂಡಿನ ಮಗ್ಗುಲಲ್ಲಿ. ಅಲ್ಲಿ ನಾವು ಹನ್ನೊಂದು ದಿನ ಉಳಿದೆವು.

ಜನವರಿ ತಿಂಗಳಲ್ಲಿ ಅಲ್ಲಿಯ ಚಳಿಯನ್ನು ನಮ್ಮ ಕಡೆಯ ಶೀಗಿ ಹುಣ್ಣಿಮೆಯ ಚಳಿಗೆ ಹೋಲಿಸಲಾಗದು. ರಾತ್ರಿಯ ಉಷ್ಣತೆ ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗಿಳಿಯುವುದು ಅಲ್ಲಿ ನಿತ್ಯದ ಮಾತು. ಹಗಲಿನಲ್ಲಿ ಸೊನ್ನೆಗೆ ಬಂದರೆ ಆ ದಿನ ಬೆಚ್ಚಗಿದೆಯೆಂದು ಜನ ನಗುಮೊಗದಿಂದ ಹೇಳುತ್ತಾರೆ. ನಾಲ್ಕೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ರಸ್ತೆಯ ಎರಡೂ ಬದಿಗೆ ಲಾರಿಗಳು ಗೋರಿ ಹಾಕಿದ ಹಿಮದ ದಿಂಡು. ನಡುವೆ ಉಪ್ಪು ಮರಳು ಚೆಲ್ಲಿದ ಬೂದುಬಣ್ಣದ ಡಾಂಬರು. ನಾವು ಅರವತ್ತು ದಾಟಿದವರು. ಮಠದಲ್ಲಿ ಓದುತ್ತಿದ್ದ ಕಾಲದಿಂದಲೂ ಬೆಳಗಿನ ನಡಿಗೆಯನ್ನು ತಪ್ಪಿಸಿದವರಲ್ಲ. ಇಲ್ಲಿಯೂ ತಪ್ಪಿಸಬಾರದೆಂದು ಹಟ ಹಿಡಿದಾಗ ಮನೆಯವರು ಧೋತರ ಬಿಡಿಸಿ, ಒಂದರ ಮೇಲೊಂದು ಮೂರು ಅಂಗಿ, ದಪ್ಪ ಪ್ಯಾಂಟು, ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಗೆ ತೊಡಿಸಿದರು. ಕನ್ನಡಿಯಲ್ಲಿ ನಮ್ಮ ಗುರುತು ನಮಗೇ ಹತ್ತಲಿಲ್ಲ.

ನಡೆಯಲು ನಮ್ಮನ್ನು ಕರೆದೊಯ್ಯುವ ಹೊಣೆ ಆ ಮನೆಯ ಮಗಳ ಮೇಲೆ ಬಿತ್ತು. ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿ. ಚಳಿಗಾಲದ ಬಿಡುವಿಗೆ ಮನೆಗೆ ಬಂದಿದ್ದಳು. ದೂರದ ಓಟಗಾರ್ತಿ. ಐದು ಸಾವಿರ ಮೀಟರು, ಗುಡ್ಡ ಮೈದಾನಗಳ ಮೇಲೆ ಓಡುವ ಸ್ಪರ್ಧೆ, ಇವು ಅವಳ ಕ್ಷೇತ್ರ. ಆದರೆ ನಾವು ಬಂದ ದಿನ ಅವಳು ಓಡುತ್ತಿರಲಿಲ್ಲ. ಹಿಂದಿನ ಆಗಸ್ಟಿನಲ್ಲಿ ಎಡಗಾಲಿನ ಮೊಣಕಾಲ ಕೆಳಗಿನ ದೊಡ್ಡ ಎಲುಬಿನಲ್ಲಿ ಕೂದಲೆಳೆಯಂಥ ಸೀಳು ಕಂಡಿತ್ತು. ಬಿದ್ದು ಮುರಿದುದಲ್ಲ, ಬಡಿತದ ಮೇಲೆ ಬಡಿತ ಬಿದ್ದು, ಎಲುಬು ತನ್ನನ್ನು ತಾನು ಸರಿಪಡಿಸಿಕೊಳ್ಳುವುದಕ್ಕಿಂತ ವೇಗವಾಗಿ ಸವೆದು ಆಗುವ ಸೀಳು. ದೂರದ ಓಟಗಾರರಿಗೆ, ವಿಶೇಷವಾಗಿ ಎಳೆಯ ವಯಸ್ಸಿನ ಹೆಣ್ಣುಮಕ್ಕಳಿಗೆ, ಇದು ಮೇಲಿಂದ ಮೇಲೆ ಬರುವ ಪೆಟ್ಟು. ಎರಡು ತಿಂಗಳು ಓಡಬಾರದೆಂದು ವೈದ್ಯರು ಹೇಳಿದ್ದರು. ನಾಲ್ಕನೆಯ ವಾರದಲ್ಲಿ ನೋವು ಮಾಯವಾಯಿತು, ಇವಳು ಓಡಿದಳು. ಅಕ್ಟೋಬರದಲ್ಲಿ ಅದೇ ಸೀಳು ಇನ್ನಷ್ಟು ಆಳಕ್ಕಿಳಿಯಿತು. ಊರುಗೋಲು ಹಿಡಿಯಬೇಕಾಯಿತು.

ಹಾಗೇಕೆ ಅವಸರಪಟ್ಟಳೆಂದು ಕೇಳಿದಾಗ ಅವಳು ತೋರಿಸಿದ್ದು ತನ್ನ ಕೋಣೆಯ ಗೋಡೆಗೆ ಹಚ್ಚಿದ ಜೋನ್ ಬೆನಾಯ್ಟರ ಚಿತ್ರವನ್ನು. ಆ ಚಿತ್ರದ ಹಿಂದೆ ಒಂದು ಕಥೆಯಿದೆ. ವಾಚಕರಿಗೆ ಅದನ್ನು ತುಸು ವಿವರವಾಗಿಯೇ ಹೇಳಬೇಕು.

ಬೆನಾಯ್ಟರು ಹುಟ್ಟಿದ್ದು 1957ರ ಮೇ 16ರಂದು. ಚಿಕ್ಕಂದಿನಲ್ಲಿ ಅವರ ಆಸೆ ಓಟದ ಮೇಲಿರಲಿಲ್ಲ. ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟದ ಮೇಲಿತ್ತು. ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಆ ಆಟದಲ್ಲಿಯೇ ಕಾಲು ಮುರಿಯಿತು. ಮುರಿದ ಕಾಲಿಗೆ ಬಲ ಬರಲೆಂದು ಓಡತೊಡಗಿದವರು ಮತ್ತೆ ಓಟವನ್ನು ಬಿಡಲಿಲ್ಲ. ರಸ್ತೆಯಲ್ಲಿ ಹೆಣ್ಣುಮಗಳೊಬ್ಬಳು ಓಡುವುದು ಆಗ ಆ ದೇಶದಲ್ಲಿಯೂ ಅಪರೂಪ. ಕಾರು ಬಂದರೆ ನಾಚಿಕೆಯಾಗಿ, ಓಟ ನಿಲ್ಲಿಸಿ, ಹಾದಿಬದಿಯ ಹೂಗಳನ್ನು ನೋಡುತ್ತ ನಡೆಯುವವಳಂತೆ ನಟಿಸುತ್ತಿದ್ದೆನೆಂದು ಅವರೇ ಹೇಳಿಕೊಂಡಿದ್ದಾರೆ. ಅಂಥವರು ಬೋಡನ್ ಕಾಲೇಜಿನಲ್ಲಿ ಓದುತ್ತಿದ್ದ ಕಾಲಕ್ಕೆ, 1979ರಲ್ಲಿ, ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 35 ನಿಮಿಷ 15 ಸೆಕೆಂಡುಗಳಲ್ಲಿ ಗೆದ್ದರು. ಮ್ಯಾರಥಾನ್ ಎಂದರೆ 42 ಕಿಲೋಮೀಟರು 195 ಮೀಟರು. ಧಾರವಾಡದಿಂದ ಹುಬ್ಬಳ್ಳಿಗೆ ಓಡಿಹೋಗಿ, ಮತ್ತೆ ಧಾರವಾಡಕ್ಕೆ ಓಡಿಬಂದಷ್ಟು ದೂರವೆಂದು ಮನೆಯ ಮಕ್ಕಳಿಗೆ ಹೇಳಬಹುದು.

ಇನ್ನು 1984ರ ಮಾತು. ಅಲ್ಲಿಯವರೆಗೆ ಒಲಿಂಪಿಕ್ಕಿನಲ್ಲಿ ಹೆಣ್ಣುಮಕ್ಕಳಿಗೆ ಮ್ಯಾರಥಾನ್ ಇರಲಿಲ್ಲ. 1928ರಲ್ಲಿ 800 ಮೀಟರ್ ಓಟವನ್ನು ಇಟ್ಟು, ಸ್ತ್ರೀದೇಹಕ್ಕೆ ಇದು ತಾಳದೆಂದು ತೀರ್ಮಾನಿಸಿ, 1960ರವರೆಗೆ ಅದನ್ನು ತೆಗೆದೇ ಹಾಕಿದ್ದರು. ನಮ್ಮ ಅಜ್ಜಿಯರು ತಲೆಯ ಮೇಲೆ ಬುತ್ತಿ, ಕಂಕುಳಲ್ಲಿ ಕೂಸು ಹೊತ್ತು ಹರದಾರಿಗಟ್ಟಲೆ ಹೊಲಕ್ಕೆ ನಡೆದುದನ್ನು ಆ ಮಹನೀಯರು ಕಂಡಿರಲಿಲ್ಲವೆಂದು ತೋರುತ್ತದೆ. ಅಂತೂ 1984ರ ಲಾಸ್ ಏಂಜಲೀಸ್ ಕೂಟದಲ್ಲಿ ಸ್ತ್ರೀಯರಿಗೂ ಮ್ಯಾರಥಾನ್ ಎಂದು ನಿಶ್ಚಯವಾಯಿತು. ಅದಕ್ಕೆ ಅಮೆರಿಕದ ಓಟಗಾರ್ತಿಯರನ್ನು ಆರಿಸುವ ಓಟ ಮೇ 12ಕ್ಕೆ ಒಲಿಂಪಿಯಾ ಎಂಬ ಊರಿನಲ್ಲಿ ನಿಗದಿಯಾಗಿತ್ತು. ಮಾರ್ಚಿಯಲ್ಲಿ ದೂರದ ಓಟವೊಂದರ ನಡುವೆ ಬೆನಾಯ್ಟರ ಬಲ ಮೊಣಕಾಲು ಹಿಡಿದುಕೊಂಡಿತು. ಚುಚ್ಚುಮದ್ದಿಗೆ ತುಸು ಬಗ್ಗಿದ ನೋವು ಮತ್ತೆ ತಲೆಯೆತ್ತಿತು. ಏಪ್ರಿಲ್ 25ರಂದು ಶಸ್ತ್ರಚಿಕಿತ್ಸೆಯಾಯಿತು. ಹದಿನೇಳನೆಯ ದಿನ, ಮೇ 12ರಂದು, ಅವರು ಆಯ್ಕೆಯ ಓಟವನ್ನು ಓಡಿದ್ದಲ್ಲದೆ ಎಲ್ಲರಿಗಿಂತ ಮುಂದೆ ಬಂದರು. ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ, ಮೊದಲ ಮೂರು ಮೈಲಿ ಮುಗಿಯುತ್ತಿದ್ದಂತೆಯೇ ಗುಂಪನ್ನು ಬಿಟ್ಟು ಮುಂದೆ ಹೋದವರನ್ನು ಕೊನೆಯವರೆಗೆ ಯಾರೂ ಹಿಡಿಯಲಿಲ್ಲ. 2 ಗಂಟೆ 24 ನಿಮಿಷ 52 ಸೆಕೆಂಡು. ನಾರ್ವೆಯ ಗ್ರೇಟೆ ವೈಟ್ಜ್ ಎರಡನೆಯವರಾಗಿ ಬರಲು ಇನ್ನೂ ಒಂದು ನಿಮಿಷಕ್ಕೂ ಹೆಚ್ಚು ಹಿಡಿಯಿತು. (ಇದಾದ ಮೂರು ದಿನಕ್ಕೆ ಅದೇ ಕ್ರೀಡಾಂಗಣದಲ್ಲಿ ನಮ್ಮ ಪಿ. ಟಿ. ಉಷಾ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಕಂಚಿನ ಪದಕ ತಪ್ಪಿಸಿಕೊಂಡದ್ದು ಹಿರಿಯ ವಾಚಕರಿಗೆ ನೆನಪಿರಬಹುದು.)

ಕಾಲಿಗೆ ಪೆಟ್ಟಾದ ಆ ದೇಶದ ಪ್ರತಿಯೊಬ್ಬ ಓಟಗಾರನಿಗೂ ಈ ಹದಿನೇಳು ದಿನದ ಕಥೆಯನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ನಮ್ಮ ಹುಡುಗಿಗೂ ಹೇಳಿದ್ದರು. ಅವರಿಗೆ ಹದಿನೇಳು ದಿನ ಸಾಕಾದರೆ ನನಗೆ ನಾಲ್ಕು ವಾರ ಸಾಲದೇ ಎಂದು ಅವಳು ಲೆಕ್ಕ ಹಾಕಿದ್ದಳು.

ಈ ಲೆಕ್ಕ ಸರಿಯಲ್ಲವೆಂಬುದು ನಮ್ಮ ನಿಶ್ಚಿತ ಅಭಿಪ್ರಾಯ. ಬೆನಾಯ್ಟರ ಮೊಣಕಾಲಿನಲ್ಲಿ ಎಲುಬು ಮುರಿದಿರಲಿಲ್ಲ. ಕೀಲಿನ ಒಳಪೊರೆಯ ಒಂದು ಮಡಿಕೆ ಗಡುಸಾಗಿ, ಬಾಗಿಲ ಸಂದಿನಲ್ಲಿ ಸಿಕ್ಕಿದ ಚಿಂದಿಯಂತೆ, ಕೀಲಿನ ಚಲನೆಗೆ ಅಡ್ಡಿಯಾಗಿತ್ತು. ಸಣ್ಣ ರಂಧ್ರದ ಮೂಲಕ ಉಪಕರಣವಿಳಿಸಿ ಅದನ್ನು ಕತ್ತರಿಸಿ ತೆಗೆದರು. ಅಡ್ಡಿ ಹೋಯಿತು, ಬಾಗಿಲು ತೆರೆಯಿತು. ಆದಾಗ್ಯೂ ಆ ಹದಿನೇಳು ದಿನಗಳ ಅವಸರದಲ್ಲಿ, ಒಂದು ಕಾಲನ್ನು ಕಾಯಲು ಹೋಗಿ ಇನ್ನೊಂದು ಕಾಲಿನ ತೊಡೆಯ ಹಿಂಬದಿಯ ಸ್ನಾಯುವನ್ನು ಅವರು ನೋಯಿಸಿಕೊಂಡಿದ್ದರು. ಎಲುಬಿನ ಸೀಳಿನ ಸ್ವಭಾವವೇ ಬೇರೆ. ದೇಹವು ಮೊದಲು ಕೆಟ್ಟ ಭಾಗವನ್ನು ಕರಗಿಸಿ ತೆಗೆಯುತ್ತದೆ. ಅದಕ್ಕೆ ಕೆಲವು ವಾರಗಳು. ಹಾಗೆ ಬರಿದಾದ ಜಾಗದಲ್ಲಿ ಹೊಸ ಎಲುಬನ್ನು ಕಟ್ಟಲು ತಿಂಗಳುಗಳೇ ಬೇಕು. ಹಳೆಯ ಗೋಡೆಯನ್ನು ಕೆಡವಿ ಹೊಸದನ್ನು ಕಟ್ಟುವ ನಡುವಣ ಕಾಲದಲ್ಲಿ ಮನೆ ಹೇಗಿರುತ್ತದೆಯೋ ಎಲುಬೂ ಹಾಗೆಯೇ ಇರುತ್ತದೆ. ನೋವಂತೂ ಮೊದಲೇ ಹೊರಟುಹೋಗಿರುತ್ತದೆ. ನೋವು ಹೋಯಿತೆಂದರೆ ಗೋಡೆ ಎದ್ದಿತೆಂದಲ್ಲ. ಈ ವಿಷಯವನ್ನು ಅವಳ ವೈದ್ಯರೂ ಹೇಳಿದ್ದರು. ಆದರೆ ಗೋಡೆಯ ಮೇಲಿನ ಚಿತ್ರದ ಮುಂದೆ ವೈದ್ಯರ ಮಾತು ಸೋತಿತ್ತು.

ಅದೇ ಬೆನಾಯ್ಟರ ಜೀವನದಲ್ಲಿ ಇನ್ನೊಂದು ಚಳಿಗಾಲವಿದೆ. ಅದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. 1981ರ ಡಿಸೆಂಬರದಲ್ಲಿ ಅವರ ಎರಡೂ ಹಿಮ್ಮಡಿಗಳ ಸ್ನಾಯುರಜ್ಜುಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಬಿಗಿಯುವ ಈ ರಜ್ಜು ದೇಹದಲ್ಲಿಯೇ ಅತಿ ದಪ್ಪನೆಯದು. ರಕ್ತದ ಸಂಚಾರ ಅದರಲ್ಲಿ ಕಡಿಮೆ, ಆದ್ದರಿಂದ ವಾಸಿಯಾಗುವುದೂ ನಿಧಾನ. ಒಂದು ಕಾಲಲ್ಲ, ಎರಡೂ ಕಾಲು. ಪ್ರತಿ ಹೆಜ್ಜೆಯನ್ನೂ ನೂಕುವುದೇ ಆ ರಜ್ಜು. ಚಳಿಗಾಲ ಕಳೆಯಿತು, ವಸಂತ ಕಳೆಯಿತು. 1982ರ ಸೆಪ್ಟೆಂಬರದಲ್ಲಿ, ಒಂಬತ್ತು ತಿಂಗಳ ಮೇಲೆ, ಯೂಜೀನ್ ಎಂಬ ಊರಿನಲ್ಲಿ ಅವರು 2 ಗಂಟೆ 26 ನಿಮಿಷ 11 ಸೆಕೆಂಡುಗಳಲ್ಲಿ ಮ್ಯಾರಥಾನ್ ಮುಗಿಸಿದರು. ಅದು ಅಮೆರಿಕದ ದಾಖಲೆ. ಮತ್ತೊಂದು ಚಳಿಗಾಲ ಕಳೆದು 1983ರ ಏಪ್ರಿಲ್ 18ರಂದು ಬಾಸ್ಟನ್ನಿನಲ್ಲಿ 2 ಗಂಟೆ 22 ನಿಮಿಷ 43 ಸೆಕೆಂಡು. ಹಿಂದಿನ ದಿನವಷ್ಟೇ ಲಂಡನ್ನಿನಲ್ಲಿ ಗ್ರೇಟೆ ವೈಟ್ಜ್ ಓಡಿದ ಜಗತ್ತಿನ ಶ್ರೇಷ್ಠ ವೇಳೆಗಿಂತ ಎರಡೂವರೆ ನಿಮಿಷಕ್ಕೂ ಹೆಚ್ಚು ಕಡಿಮೆ. 1984ರ ಹದಿನೇಳು ದಿನಗಳ ತಳದಲ್ಲಿ ಈ ಎರಡು ಚಳಿಗಾಲಗಳ ಸಂಚಯವಿತ್ತು. ಕಣಜ ತುಂಬಿದವನು ಒಂದು ಬರಗಾಲವನ್ನು ದಾಟಿದ ಕಥೆಯನ್ನು, ಬಿತ್ತದೆ ಇದ್ದವನಿಗೆ ಹೇಳಿ ಧೈರ್ಯ ತುಂಬಿದಂತೆ, ಜನ ಆ ಹದಿನೇಳು ದಿನಗಳನ್ನು ಬಳಸಿಕೊಂಡಿದ್ದಾರೆ.

ನಾವಿದ್ದಾಗ ಹುಡುಗಿಯ ಎಲುಬು ಕೂಡಿತ್ತು. ಹೊಸ ಚಿತ್ರ ತೆಗೆಸಿ ವೈದ್ಯರು ಒಪ್ಪಿಗೆ ಕೊಟ್ಟಿದ್ದರು. ಓಟದ ಗುರುಗಳು ವೇಳಾಪಟ್ಟಿಯನ್ನೂ ಬರೆದು ಕಳಿಸಿದ್ದರು. ಆದರೆ ಎರಡು ವಾರದಿಂದ ಅವಳು ಬೂಟು ಕಟ್ಟಿಕೊಂಡು ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದಳೆಂದು ತಾಯಿ ನಮ್ಮಲ್ಲಿ ಹೇಳಿದರು. ಹೊರಗೆ ಹಿಮವಿದೆ, ಜಾರುತ್ತದೆ, ಇವತ್ತು ಗಾಳಿ ಬಹಳ, ಹೀಗೆ ದಿನಕ್ಕೊಂದು ನೆವ. ಎಂಟು ವರ್ಷದಿಂದ ಅದೇ ಹಿಮದಲ್ಲಿ ಓಡಿದವಳು ಅವಳು.

ಮೊದಲ ಬೆಳಗು ನಮ್ಮನ್ನು ಫೋರ್ಟ್ ವಿಲಿಯಮ್ಸ್ ಉದ್ಯಾನಕ್ಕೆ ಕರೆದೊಯ್ದಳು. ಹಿಂದೆ ಸೈನ್ಯದ ಕೋಟೆಯಾಗಿದ್ದ ತೊಂಬತ್ತು ಎಕರೆಯ ಈ ಜಾಗ ಈಗ ಕೇಪ್ ಎಲಿಜಬೆತ್ ಊರಿನ ಆಸ್ತಿ. ಇದರ ಅಂಚಿನಲ್ಲಿ ಪೋರ್ಟ್‌ಲ್ಯಾಂಡ್ ಹೆಡ್ ದೀಪಸ್ತಂಭವಿದೆ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಅಪ್ಪಣೆಯಂತೆ ಕಟ್ಟಿ ಮುಗಿಸಿ, 1791ರ ಜನವರಿ 10ರಂದು ಇದರಲ್ಲಿ ಮೊದಲ ದೀಪ ಹಚ್ಚಿದರು. ಬುಡದ ಬಂಡೆಗೆ 1886ರ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಹಡಗೊಂದು ಬಡಿದು ಒಡೆಯಿತು. ಅದರಲ್ಲಿದ್ದವರೆಲ್ಲರೂ ಬದುಕಿ ದಂಡೆಗೆ ಬಂದರು. ಆ ಸಂಗತಿಯನ್ನು ಇಂದಿಗೂ ಬಂಡೆಯ ಮೇಲೆ ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಕಡಲು ಇಲ್ಲಿ ಸೌಮ್ಯವಲ್ಲ. 2024ರ ಜನವರಿಯ ಬಿರುಗಾಳಿಯಲ್ಲಿ ಹತ್ತಿರದ ವಿಲ್ಲರ್ಡ್ ದಂಡೆಯ ಮೇಲೆ ನೂರು ವರ್ಷಕ್ಕೂ ಮಿಕ್ಕು ನಿಂತಿದ್ದ ಬೆಸ್ತರ ಮರದ ಗುಡಿಸಲುಗಳು ಕೊಚ್ಚಿಹೋದುವು.

ಆ ಬೆಳಗು ನಾವು ಕಂಡ ಒಂದು ನೋಟವನ್ನು ಹೇಳದೆ ಮುಂದೆ ಹೋಗಲಾರೆವು. ಗಾಳಿ ನೀರಿಗಿಂತ ಬಹಳ ತಣ್ಣಗಾದಾಗ ಸಮುದ್ರದ ಮೈಯಿಂದ ಹಬೆ ಏಳುತ್ತದೆ. ಕಡಲ ಹೊಗೆ ಎಂದೇ ಅಲ್ಲಿಯವರು ಅದನ್ನು ಕರೆಯುತ್ತಾರೆ. ದಿಗಂತದವರೆಗೆ ನೀರೆಲ್ಲ ಹೊಗೆಯಾಡುತ್ತಿತ್ತು; ಆ ಹೊಗೆಯ ಹಿಂದೆ ಕೆಂಪಗೆ ಸೂರ್ಯ ಬಂದ. ಎಷ್ಟೋ ಹೊತ್ತು ನಾವು ನಿಂತೇ ಇದ್ದೆವು. ಕಾಲಬೆರಳು ಮರಗಟ್ಟಿದ ಮೇಲೆ ಎಚ್ಚರವಾಯಿತು.

ನಾವು ನಡೆಯತೊಡಗಿದಾಗ ಹುಡುಗಿ ಗುರುಗಳ ವೇಳಾಪಟ್ಟಿಯ ಮಾತೆತ್ತಿದಳು. ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ. ಹೀಗೆ ಆರು ಆವೃತ್ತಿ. ಒಂದು ದಿನ ಬಿಟ್ಟು ಒಂದು ದಿನ. ನಡುವಣ ದಿನಗಳಲ್ಲಿ ನಿಂತಲ್ಲಿಯೇ ತುಳಿಯುವ ಸೈಕಲ್ಲು, ಇಲ್ಲವೇ ಈಜುಕೊಳದ ಆಳದ ನೀರಿನಲ್ಲಿ ಸೊಂಟಕ್ಕೆ ತೇಲುಪಟ್ಟಿ ಕಟ್ಟಿಕೊಂಡು, ನೆಲ ಮುಟ್ಟದೆ, ಓಡಿದಂತೆ ಕೈಕಾಲು ಆಡಿಸುವುದು. ಎದೆಗೂ ಶ್ವಾಸಕ್ಕೂ ಅಭ್ಯಾಸ ಸಿಗುತ್ತದೆ, ಎಲುಬಿಗೆ ಬಡಿತ ಬೀಳುವುದಿಲ್ಲ. ನಾಲ್ಕು ನಿಮಿಷ ನಡೆಯುವಾಗ ನಮ್ಮ ಜೊತೆಗಿರು, ಒಂದು ನಿಮಿಷ ಮುಂದೆ ಓಡಿ ನಿಲ್ಲು, ನಾವು ಬಂದು ಕೂಡಿಕೊಳ್ಳುತ್ತೇವೆ ಎಂದೆವು. ಮುದುಕರೊಬ್ಬರು ಚಳಿಯಲ್ಲಿ ಹಿಂದೆ ಬರುತ್ತಿದ್ದಾರೆಂಬ ಸಂಕೋಚಕ್ಕಾದರೂ ಅವಳು ಹೊರಟಳು.

ಅವಳ ಓಟವನ್ನು ನೋಡಿದರೆ ಕನಿಕರವಾಗುತ್ತಿತ್ತು. ಕಣ್ಣು ದಾರಿಯ ಮೇಲಿಲ್ಲ, ತನ್ನ ಎಡಗಾಲಿನ ಮೇಲಿದೆ. ಆ ಕಾಲು ನೆಲಕ್ಕೆ ಊರುವ ಮೊದಲೇ ಬಲಗಾಲು ಅವಸರದಿಂದ ಮುಂದೆ ಬರುತ್ತದೆ, ಬಿಸಿ ಬೂದಿ ತುಳಿದವರ ಹಾಗೆ. ನಿಮಿಷ ಮುಗಿದೊಡನೆ ಬಾಗಿ, ಕೈಗವಸು ಕಿತ್ತು, ಹೆಬ್ಬೆರಳಿನಿಂದ ಎಲುಬನ್ನು ಒತ್ತಿ ಒತ್ತಿ ನೋಡುತ್ತಾಳೆ. ನೋಯುತ್ತಿದೆಯೇ ಎಂದು ಕೇಳಿದೆವು.

“ಇಲ್ಲರಿ ಅಜ್ಜಾರ, ನೋವು ಏನೂ ಇಲ್ಲ. ಎಲ್ಲೆ ಬರ್ತದೋ ಅಂತ ಕಾಯ್ಕೊಂತ ಓಡ್ತೀನಿ. ಅಕ್ಟೋಬರನ್ಯಾಗೂ ಹಿಂಗ ಏನೂ ಇರಲಿಲ್ಲ.”

ಈ ಮಾತು ನಮ್ಮನ್ನು ಬಹಳ ಹೊತ್ತು ಕಾಡಿತು. ಮೊದಲ ಪೆಟ್ಟು ಎಲುಬಿಗೆ ಬಿದ್ದುದು. ಎರಡನೆಯ ಪೆಟ್ಟು ತನ್ನ ದೇಹದ ಸೂಚನೆಯನ್ನು ತಾನು ಓದಬಲ್ಲೆನೆಂಬ ನಂಬಿಕೆಗೆ ಬಿದ್ದಿತ್ತು. ನೋವಿಲ್ಲವೆಂದು ದೇಹ ಹೇಳಿದಾಗ ನಂಬಿ ಓಡಿದ್ದಳು. ದೇಹ ಸುಳ್ಳು ಹೇಳಿತ್ತು. ಈಗ ಅದೇ ದೇಹ ಅದೇ ಮಾತನ್ನು ನಿಜವಾಗಿ ಹೇಳಿದರೂ ನಂಬುವುದೆಂತು? ಧೈರ್ಯ ತಂದುಕೋ ಎಂದು ಬೆನ್ನು ತಟ್ಟುವುದರಿಂದ ಇದು ಸರಿಹೋಗುವುದಿಲ್ಲ. ಮಾತು ತಪ್ಪಿದ ಸಾಲಗಾರನ ಮೇಲೆ ಮತ್ತೆ ವಿಶ್ವಾಸ ಹುಟ್ಟಬೇಕಾದರೆ ಅವನು ಸಣ್ಣ ಸಣ್ಣ ಕಂತುಗಳನ್ನು ಹೇಳಿದ ದಿನಕ್ಕೆ ತಪ್ಪದೆ ತಂದುಕೊಡಬೇಕು, ಬೇರೆ ದಾರಿಯಿಲ್ಲ. ಒಂದು ನಿಮಿಷದ ಓಟವೆಂದರೆ ಅಂಥದೊಂದು ಕಂತು. ಮರುದಿನ ಬೆಳಗ್ಗೆ ಎದ್ದಾಗ ಕಾಲು ಸುಮ್ಮನಿದ್ದರೆ ಕಂತು ಸಂದಾಯವಾಯಿತು. ವೇಳಾಪಟ್ಟಿ ಬರೆದ ಗುರುಗಳು ಜಾಣರು. ಎಲುಬಿನ ದೃಷ್ಟಿಯಿಂದ ಮಾತ್ರವೇ ಅದನ್ನು ಬರೆದಿದ್ದರೆ ಇಷ್ಟು ನಿಧಾನ ಬೇಕಿರಲಿಲ್ಲವೇನೋ ಎಂದೂ ನಮಗೆ ಅನ್ನಿಸಿತು.

ಚಳಿಗಾಲವೂ ಇದಕ್ಕೆ ಒದಗಿಬರುತ್ತದೆ. ಹಿಮದ ಕಾಲದಲ್ಲಿ ರಸ್ತೆಯ ಮೇಲೆ ವೇಗವಾಗಿ ಓಡಬೇಕೆಂದರೂ ಆಗದು. ಡಾಂಬರಿನ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರುತ್ತದೆ. ಕಪ್ಪಾಗಿ ಕಾಣುವುದು ಒದ್ದೆ ನೆಲವೋ ಗಡ್ಡೆಯೋ ತಿಳಿಯದು. ಬೂಟಿನ ಅಡಿಗೆ ಸಣ್ಣ ಮೊಳೆಗಳಿರುವ ರಬ್ಬರಿನ ಜಾಲವನ್ನು ತೊಡಿಸಿಕೊಂಡು, ಹೆಜ್ಜೆಯನ್ನು ಗಿಡ್ಡ ಮಾಡಿ, ಎದುರಿನ ವಾಹನಗಳಿಗೆ ಮುಖಮಾಡಿ ಓಡುತ್ತಾರೆ. ಹೊರಾಂಗಣದ ಸ್ಪರ್ಧೆಗಳು ಆ ತಿಂಗಳುಗಳಲ್ಲಿ ಇಲ್ಲದಂತೆಯೇ. ಆದ್ದರಿಂದ ದೂರದ ಓಟಗಾರರು ಚಳಿಗಾಲವನ್ನು ನಿಧಾನದ ಓಟದಿಂದ ಬಲವನ್ನು ಕೂಡಿಡುವ ಕಾಲವೆಂದು ಭಾವಿಸಿದ್ದಾರೆ. ಚೆಕ್ ದೇಶದ ಮಹಾನ್ ಓಟಗಾರ ಎಮಿಲ್ ಜಾಟೋಪೆಕ್ ಸೈನಿಕರ ಬೂಟು ತೊಟ್ಟು ಹಿಮದಲ್ಲಿ ಓಡಿ ಅಭ್ಯಾಸ ಮಾಡುತ್ತಿದ್ದುದು ಪ್ರಸಿದ್ಧವೇ ಇದೆ. ಕಾಲೇಜುಗಳಲ್ಲಿ ಸೂರಿನಡಿಯ ಓಟದ ಪಥಗಳೂ ಉಂಟು; ಆದರೆ ಆ ಚಿಕ್ಕ ಸುತ್ತಿನ ಬಿಗಿ ತಿರುವುಗಳಲ್ಲಿ ಒಂದೇ ಕಾಲಿಗೆ ಭಾರ ಹೆಚ್ಚು ಬೀಳುವುದರಿಂದ ಹೊಸದಾಗಿ ಕೂಡಿದ ಎಲುಬಿಗೆ ಅವು ಹಿತವಲ್ಲ.

ತಾಯಂದಿರಿಗಾಗಿ ಇಲ್ಲಿಯೇ ಒಂದು ಮಾತು. ಓಡುವ ಹೆಣ್ಣುಮಕ್ಕಳು ತೂಕ ಇಳಿದರೆ ವೇಗ ಹೆಚ್ಚುವುದೆಂದು ಊಟ ಕಡಿಮೆ ಮಾಡುವುದು ಆ ದೇಶದಲ್ಲಿ ಬಹಳ. ಉಂಡದ್ದು ಓಟಕ್ಕೇ ಸಾಲದಾದಾಗ ದೇಹವು ತಿಂಗಳ ಋತುವನ್ನು ನಿಲ್ಲಿಸುತ್ತದೆ, ಎಲುಬಿನ ಸಾರವನ್ನೂ ಕಳೆಯುತ್ತದೆ. ಸೀಳು ಬೀಳುವುದು ಅಂಥ ಎಲುಬಿಗೇ ಹೆಚ್ಚು. ಅಷ್ಟು ಉತ್ತರದ ನಾಡಿನಲ್ಲಿ ಚಳಿಗಾಲದ ಬಿಸಿಲಿಗೆ ಚರ್ಮದಲ್ಲಿ ಡಿ ಜೀವಸತ್ವವನ್ನು ಹುಟ್ಟಿಸುವ ಶಕ್ತಿಯೂ ಇಲ್ಲ. ಅದನ್ನು ಗುಳಿಗೆಯಾಗಿ ನುಂಗಬೇಕು. ವೈದ್ಯರು ಇದನ್ನೆಲ್ಲ ವಿಚಾರಿಸಿ, ಹುಡುಗಿ ಉಣ್ಣುತ್ತಿದ್ದುದು ಸಾಲದೆಂದು ಹೇಳಿದ್ದರು. ಆ ಮನೆಯ ಅಡಿಗೆಮನೆಯಲ್ಲಿ ದಿನವೂ ರೊಟ್ಟಿಯ ಸಪ್ಪಳ ಕೇಳುತ್ತಿತ್ತು. ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೂರನೆಯ ರೊಟ್ಟಿಗೆ ಹುಡುಗಿ ಬೇಡವೆಂದು ಕೈ ಅಡ್ಡ ಹಿಡಿದರೆ ತಾಯಿ, “ಡಾಕ್ಟರ್ ಹೇಳ್ಯಾರ, ನಾ ಅಲ್ಲ” ಎಂದು ಬಡಿಸುತ್ತಿದ್ದರು. ನಮಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಆದರೂ ನಾವು ಬೇಡವೆನ್ನಲಿಲ್ಲ.

ಮೂರನೆಯ ಓಟದ ದಿನ, ಎರಡು ನಿಮಿಷಕ್ಕೆ ಏರಿದ ಬೆಳಗು, ಶೋರ್ ರೋಡ್ ಎಂಬ ರಸ್ತೆಯ ಬದಿಯ ಕಾಲುಹಾದಿಯಲ್ಲಿದ್ದೆವು. ನಡಿಗೆಯ ನಿಮಿಷಗಳು ನಡೆಯುತ್ತಿದ್ದಾಗ ಕಾರೊಂದು ನಿಧಾನವಾಗಿ ಹಾದುಹೋಯಿತು. ಒಳಗಿದ್ದ ಶಾಲೆಯ ಗೆಳತಿ ಕೈಬೀಸಿದಳು. ಹುಡುಗಿಯ ಮುಖ ಸಣ್ಣದಾಯಿತು. ಊರಿನ ಶಾಲೆಗೆ ಪದಕ ತಂದವಳು ಮುದುಕರ ಜೊತೆ ನಡೆಯುತ್ತಿರುವುದನ್ನು ನೋಡಿದರಲ್ಲ ಎಂಬ ಕೊರಗು. ಆಗ ನಾವು ಬೆನಾಯ್ಟರು ಹೂ ನೋಡುವವರಂತೆ ನಟಿಸುತ್ತಿದ್ದುದನ್ನು ನೆನಪಿಸಿದೆವು. ಹದಿನೇಳು ದಿನದ ಕಥೆಯನ್ನು ನೂರು ಸಲ ಕೇಳಿದ್ದವಳಿಗೆ ಇದು ಮರೆತೇಹೋಗಿತ್ತು. ಗಕ್ಕನೆ ನಕ್ಕು, “ಈಗ ಹೂ ಎಲ್ಲೈತ್ರಿ ಅಜ್ಜಾರ, ಹಿಮಾನ ನೋಡಬೇಕು” ಎಂದಳು. ನಗುತ್ತಲೇ ಮುಂದಿನ ಎರಡು ನಿಮಿಷ ಓಡಿದಳು. ಆ ಎರಡು ನಿಮಿಷ ಮುಗಿದಾಗ ಬಾಗಿ ಎಲುಬನ್ನು ಒತ್ತಿ ನೋಡಿಕೊಳ್ಳಲಿಲ್ಲ. ಅದು ಅವಳ ಗಮನಕ್ಕೆ ಬಂದಿರಲಿಕ್ಕಿಲ್ಲ, ನಾವೂ ಹೇಳಲಿಲ್ಲ.

ಮುಂದಿನ ಬಾರಿ ಮತ್ತೆ ಒತ್ತಿ ನೋಡಿದಳೆಂಬುದನ್ನೂ ಹೇಳಬೇಕು. ಅಂದು ಮೀನಖಂಡದಲ್ಲಿ ಬಿಗಿತವಿತ್ತು, ಹೆದರಿ ನಾಲ್ಕಕ್ಕೇ ನಿಲ್ಲಿಸಿ ಮನೆಗೆ ಬಂದೆವು. ಗುರುಗಳಿಗೆ ದೂರವಾಣಿ ಮಾಡಿದಳು. ಬೆರಳ ತುದಿಯಷ್ಟು ಜಾಗದಲ್ಲಿ, ಎಲುಬಿನ ಮೇಲೆಯೇ, ಒತ್ತಿದರೆ ನೋಯುವುದಾದರೆ ನಿಲ್ಲಿಸಬೇಕು. ಮಾಂಸಖಂಡದಲ್ಲಿ ಅಗಲವಾಗಿ ಹರಡಿದ ಬಿಗಿತ ಹೊಸ ಕೆಲಸದ ಬಿಗಿತ, ಅದಕ್ಕೆ ಅಂಜಬೇಕಿಲ್ಲ ಎಂದು ಅವರು ತಿಳಿಸಿದರಂತೆ. ದೇಹದ ಭಾಷೆಯನ್ನು ಅಕ್ಷರದಿಂದ ಮತ್ತೆ ಕಲಿಸುತ್ತಿದ್ದರು. ನಾವು ಬಾಲ್ಯದಲ್ಲಿ ವ್ಯಾಕರಣ ಕಲಿತುದೂ ಹೀಗೆಯೇ. ಒಂದು ಸೂತ್ರ ಗಟ್ಟಿಯಾಗದೆ ಮುಂದಿನ ಸೂತ್ರ ಕೊಡುತ್ತಿರಲಿಲ್ಲ, ಎಷ್ಟು ಅತ್ತರೂ ಕೊಡುತ್ತಿರಲಿಲ್ಲ.

ಓಟವಿಲ್ಲದ ಒಂದು ಮಧ್ಯಾಹ್ನ ಊರಿನ ಗ್ರಂಥಾಲಯಕ್ಕೆ ಹೋದೆವು. ಅದರ ಹೊರಗೆ ಬೆನಾಯ್ಟರ ಕಂಚಿನ ಪ್ರತಿಮೆಯಿದೆ. ಹೆಗಲ ಮೇಲೆ ಹಿಮ ಕೂತಿತ್ತು. ಮದುವೆಯ ನಂತರ ಜೋನ್ ಬೆನಾಯ್ಟ್ ಸ್ಯಾಮ್ಯುಯೆಲ್‌ಸನ್ ಆದ ಅವರು ಇದೇ ರಾಜ್ಯದ ಫ್ರೀಪೋರ್ಟಿನಲ್ಲಿ ಮನೆಮಾಡಿದ್ದಾರೆ. 1998ರಲ್ಲಿ ತಮ್ಮ ಹುಟ್ಟೂರಿನಲ್ಲಿ ಹತ್ತು ಕಿಲೋಮೀಟರಿನ ಓಟವೊಂದನ್ನು ಹುಟ್ಟುಹಾಕಿದರು. ಆಗಸ್ಟಿನ ಮೊದಲ ಶನಿವಾರ ಕ್ರೆಸೆಂಟ್ ದಂಡೆಯ ಬಳಿ ಆರಂಭವಾಗಿ, ತಾವು ಚಿಕ್ಕಂದಿನಲ್ಲಿ ಓಡುತ್ತಿದ್ದ ರಸ್ತೆಗಳ ಮೇಲೆಯೇ ಸಾಗಿ, ದೀಪಸ್ತಂಭದ ಬುಡದಲ್ಲಿ ಮುಗಿಯುತ್ತದೆ. ಸಾವಿರಾರು ಜನ ಓಡುತ್ತಾರೆ. ಸ್ವತಃ ಅವರೂ ಓಟ ಬಿಟ್ಟಿಲ್ಲ. 2008ರಲ್ಲಿ, 50ನೆಯ ವಯಸ್ಸಿನಲ್ಲಿ, ಒಲಿಂಪಿಕ್ ಆಯ್ಕೆಯ ಮ್ಯಾರಥಾನನ್ನು 2 ಗಂಟೆ 49 ನಿಮಿಷ 8 ಸೆಕೆಂಡುಗಳಲ್ಲಿ ಓಡಿದರು. ಬಾಸ್ಟನ್ನಿನ ಮೊದಲ ಗೆಲುವಿಗೆ 40 ವರ್ಷ ತುಂಬಿದ 2019ರಲ್ಲಿ, ಅಂದಿನ ವೇಳೆಗಿಂತ 40 ನಿಮಿಷಕ್ಕೆ ಮಿಕ್ಕಿ ತಡವಾಗಬಾರದೆಂದು ಸಂಕಲ್ಪಿಸಿ ಓಡಿ 3 ಗಂಟೆ 4 ನಿಮಿಷಕ್ಕೆ ಮುಗಿಸಿದರು. ಆಗ ಅವರಿಗೆ 61. ಪ್ರತಿಮೆಯ ಮುಂದೆ ಹುಡುಗಿ ಈ ಅಂಕಿಗಳನ್ನು ನಮಗೆ ಕಂಠಪಾಠದಂತೆ ಒಪ್ಪಿಸಿದಳು. 1982ರ ಚಳಿಗಾಲದಲ್ಲಿ ಅವರು ಏನು ಮಾಡಿದ್ದಿರಬಹುದೆಂದು ನಾವು ಕೇಳಿದೆವು. ತುಸು ಯೋಚಿಸಿ, “ಇದನ್ನ ಮಾಡಿರಬೇಕ್ರಿ” ಎಂದು ತನ್ನ ಬೂಟಿನ ಕಡೆಗೆ ತೋರಿಸಿದಳು.

ಹೊರಡುವ ದಿನದ ಬೆಳಗು ಆರನೆಯ ಓಟ. ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ. ಉಷ್ಣತೆ ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ, ಗಾಳಿಯಿರಲಿಲ್ಲ. ನಾವು ನಡೆದು ಅವಳನ್ನು ಕೂಡಿಕೊಳ್ಳುವ ಏರ್ಪಾಟು ಮುರಿದುಬಿದ್ದಿತ್ತು, ಅಷ್ಟು ಮುಂದೆ ಹೋಗುತ್ತಿದ್ದಳು. ಅವಳೇ ತಿರುಗಿ ನಮ್ಮ ಕಡೆಗೆ ಓಡಿಬರುತ್ತಿದ್ದಳು. ಒಂದು ಇಳಿಜಾರಿನಲ್ಲಿ ಗಡ್ಡೆ ಕಟ್ಟಿದ್ದನ್ನು ಕಂಡು ಓಟ ನಿಲ್ಲಿಸಿ ಪಕ್ಕದ ಹಿಮದ ಮೇಲೆ ಹೆಜ್ಜೆಯಿಟ್ಟು ದಾಟಿ, ಮತ್ತೆ ಓಡಿದಳು. ಮುಖದಲ್ಲಿ ಅಳುಕು ಕಾಣಲಿಲ್ಲ. ಒಟ್ಟು ಹದಿನೆಂಟು ನಿಮಿಷದ ಓಟ. ಅವಳ ಮಟ್ಟದವರಿಗೆ ಅದು ಲೆಕ್ಕಕ್ಕೇ ಬಾರದ್ದು. ಡೈರಿಯಲ್ಲಿ ಬರೆದುಕೊಂಡಳು.

ಏಪ್ರಿಲಿನಲ್ಲಿ ಅವಳ ತಂದೆಯಿಂದ ನಮಗೆ ಪತ್ರ ಬಂತು. ನಡಿಗೆಯಿಲ್ಲದೆ ನಲವತ್ತು ನಿಮಿಷ ಓಡುತ್ತಿದ್ದಾಳೆ, ವಸಂತದ ಸ್ಪರ್ಧೆಗಳಿಗೆ ತಾನಾಗಿಯೇ ಹೆಸರು ಕೊಡಲಿಲ್ಲ, ಗುರುಗಳೂ ಒತ್ತಾಯಿಸಲಿಲ್ಲ ಎಂದು ಬರೆದಿದ್ದರು. ಬೆನಾಯ್ಟರ ಚಿತ್ರ ಗೋಡೆಯ ಮೇಲೆ ಹಾಗೆಯೇ ಇದೆಯಂತೆ. ಆಗಸ್ಟಿನ ಓಟದಲ್ಲಿ ಈ ಸಲ ಓಡುವುದಿಲ್ಲ. ದಾರಿಬದಿಯಲ್ಲಿ ನಿಂತು ಓಡುವವರಿಗೆ ನೀರು ಕೊಡುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದಾಳೆಂದೂ, ತಾಯಿಯನ್ನೂ ಜೊತೆಗೆ ಸೇರಿಸಿಕೊಂಡಿದ್ದಾಳೆಂದೂ ಕೊನೆಗೆ ತಿಳಿಸಿದ್ದರು.